ಕರ್ಜಗಿಗೆ ಮುಟ್ಟಿಸಿದ ನೋಟಿಸು

ಮಾಲೀಕರ ಎದುರಿಗೆ ಯಲ್ಲೇಶ ಆ ಮಾತು ಆಡಬಾರದಿತ್ತು. "ವಾಲ್ವ್ ಸೋರಾಕತ್ತೈತಿ ಅಂತ ಮ್ಯಾನೇಜರ್ ಸಾಹೇಬ್ರಿಗೆ ಮೊದಲ ಹೇಳಿದ್ನಿರಿ" ಎಂದುಬಿಟ್ಟ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿ ಹೆಣ್ಣಾಳುಗಳು ಆಸ್ಪತ್ರೆ ಸೇರಿದ ಮರುದಿನದ ಮಾತು ಅದು. ಮಾಲೀಕ ಶೇಖಪ್ಪನವರು ಮ್ಯಾನೇಜರ್ ಸಿದ್ದಲಿಂಗೇಶನತ್ತ ತಿರುಗಿ ನೋಡಿದರು. ಸಿದ್ದಲಿಂಗೇಶ ಆಗಲೇ ಲೆಕ್ಕ ಹಾಕಿದ: ಈ ಮಷಿನ್ ಆಪರೇಟರ್ ಇನ್ನೊಮ್ಮೆ ಬಾಯಿಬಿಟ್ಟರೆ ತನ್ನ ಕುರ್ಚಿ ಹೋದಂತೆಯೇ. ಅದಕ್ಕೆ ಮೊದಲು ಅವನೇ ಹೋಗಬೇಕು.

ಅವಕಾಶ ತಾನಾಗಿ ಒದಗಿತು. ಕರ್ಜಗಿಯಲ್ಲಿ ಯಲ್ಲೇಶನ ತಾಯಿ ಕರಿಯವ್ವ ತೀರಿಕೊಂಡಳು.

"ಹೋಗಪಾ, ಕಾರ್ಯಾ ಎಲ್ಲಾ ಮುಗಸ್ಕೋ. ರಜಾ ಚೀಟಿ ಏನೂ ಬ್ಯಾಡ. ಮಷಿನ್ ರಿಪೇರಿ ಆದಮ್ಯಾಲೆ ನಾನ ಕರಸ್ತೇನಿ, ಅಲ್ಲೀ ಮಟಾ ಬರಬ್ಯಾಡ," ಎಂದು ಸಿದ್ದಲಿಂಗೇಶ ಹೆಗಲು ತಟ್ಟಿ ಕಳಿಸಿದ. ಯಲ್ಲೇಶ ಕಣ್ಣೊರೆಸಿಕೊಂಡು ಕೈಮುಗಿದು ಹೋದ. ಅವನು ಗೇಟು ದಾಟಿದ ಮೇಲೆ ಸಿದ್ದಲಿಂಗೇಶ ಹಾಜರಿಯಲ್ಲಿ 'ಹೇಳದೆ ಗೈರು' ಎಂದು ಬರೆದ.

ಕೆಲಸ ಕಳೆದುಕೊಂಡವರು ಸರ್ಕಾರಿ ಅಧಿಕಾರಿಗಳ ಹತ್ತಿರ ಹೋಗಿ ಗೆಲ್ಲುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ನೋಟಿಸು ಕೊಡಲಿಲ್ಲ, ನಮ್ಮ ಮಾತು ಕೇಳಲಿಲ್ಲ ಎನ್ನುತ್ತಾರೆ. ಅವನು ಅಂಥ ಹಸಿ ಕೆಲಸ ಮಾಡುವ ಪೈಕಿ ಅಲ್ಲ. ಹೇಳದೆ ಗೈರಾದದ್ದರ ವಿಚಾರಣೆ ನಡೆಸಲು ಯಾರ ಮುಲಾಜಿಗೂ ಬೀಳದ ರಾಣೆಬೆನ್ನೂರಿನ ವಕೀಲೆ ನಿರ್ಮಲಾ ಅವರನ್ನೇ ಕರೆಸಿದ. ಪ್ರಾಮಾಣಿಕರ ಸಹಿಗೆ ತೂಕ ಜಾಸ್ತಿ, ನೋಡಿ.

ಇನ್ನು ಉಳಿದದ್ದು ವಿಚಾರಣೆಗೆ ಬಾ ಎನ್ನುವ ನೋಟಿಸು. ಪೋಸ್ಟಿಗೆ ಹಾಕಿದರೆ ಹಾಳಾದ್ದು ತಲುಪಿಯೇ ಬಿಡುತ್ತದೆ! ಹಾಗಾಗಿ ಡ್ರೈವರ್ ಮೈಲಾರೆಪ್ಪನನ್ನು ಕರೆದುಕೊಂಡು ತಾನೇ ಕರ್ಜಗಿಗೆ ಹೊರಟ, ಹಾವೇರಿಯಲ್ಲಿ ಮಿರ್ಚಿ ತಿಂದು ಚಹಾ ಕುಡಿದು ಅಲ್ಲಿಂದಲೇ ವಾಪಸಾದ. ಯಲ್ಲೇಶನ ಮದುವೆಯಲ್ಲಿ ಉಂಡು ಬಂದಿದ್ದರಿಂದ ಆ ಮನೆ ಸಿದ್ದಲಿಂಗೇಶನಿಗೆ ಗೊತ್ತಿತ್ತು. ನಿರ್ಮಲಾ ಅವರ ಮುಂದೆ ಪ್ರಮಾಣ ಮಾಡಿ ಹೇಳಿದ: ಯಲ್ಲೇಶ ನೀಲಿ ಬಾಗಿಲು ತೆರೆದು ಬಂದ, ಕಟ್ಟೆಯ ಮೇಲೆ ಕೂಡಿಸಿದ, ಹೆಂಡತಿ ಸುಶ್ಮಿತಾ ನೀರು ಕೊಟ್ಟಳು, ನೋಟಿಸು ಓದಿ ಸಹಿ ಮಾಡುವುದಿಲ್ಲವೆಂದು ತಿರುಗಿ ಕೊಟ್ಟ. ಆ ನೀರಿನ ತಂಬಿಗೆ ಸೇರಿಸಿದ್ದು ಅವನಿಗೇ ಬಹಳ ಹಿಡಿಸಿತು. ಮೈಲಾರೆಪ್ಪ ತಲೆ ತಗ್ಗಿಸಿಕೊಂಡೇ ಹೌದೆಂದ. ವಿಚಾರಣೆಯ ದಿನ ಯಲ್ಲೇಶನ ಕುರ್ಚಿ ಖಾಲಿ ಉಳಿಯಿತು. ಕೆಲಸದಿಂದ ವಜಾ ಮಾಡಿದ ಆದೇಶವನ್ನು ಮಾತ್ರ ಸಿದ್ದಲಿಂಗೇಶ ಮರೆಯದೆ ಪೋಸ್ಟಿಗೆ ಹಾಕಿದ.

ಯಲ್ಲೇಶ ಹಾವೇರಿಯ ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟ. ಕೊಡಲಿ ಬಿಡು ಎಂದುಕೊಂಡು ಸಿದ್ದಲಿಂಗೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಶೇಖಪ್ಪನವರ ಪಕ್ಕದಲ್ಲೇ ಕೂತು ನೀಲಿ ಬಾಗಿಲಿನಿಂದ ಹಿಡಿದು ಎಲ್ಲವನ್ನೂ ನಿರರ್ಗಳವಾಗಿ ಒಪ್ಪಿಸಿದ. ಅಧಿಕಾರಿ ಯಲ್ಲೇಶನ ಕಡೆ ತಿರುಗಿ, "ನೀವೇನಂತೀರಿ?" ಎಂದರು.

ಯಲ್ಲೇಶನಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು. "ಆ ಬಾಗಲಾ ಹೆಂಗ ತೆರೀಲಿರಿ ನಾನು? ಅವ್ವ ಕೆಟ್ಟ ನಕ್ಷತ್ರದಾಗ ಸತ್ತಾಳ, ಆರು ತಿಂಗಳ ಮನಿ ಬಿಡ್ರಿ ಅಂದ್ರು ಅಯ್ಯನೋರು. ಮಣ್ಣು ಮಾಡಿ ಬಂದ ದಿನಾನ ಮನಿ ಖಾಲಿ ಮಾಡಿ, ಯಾರೂ ತೆರೀಬಾರ್ದಂತ ಬಾಗಲಕ್ಕ ಬಾರಿಮುಳ್ಳು ಹಚ್ಚೇವ್ರಿ. ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಅವತ್ತಿಂದ ಹೊಲದಾಗ ತಗಡಿನ ಶೆಡ್ಡಿನ್ಯಾಗ ಅದೇನಿ. ಊರ ಮಂದೀನ್ನ ಕೇಳ್ರಿ. ಇಲ್ಲಾ ಈಗ ನಡೀರಿ ನನ್ನ ಕೂಡ, ಮುಳ್ಳು ಇನ್ನೂ ತಗದಿಲ್ಲ."