ಫೋನಿನಲ್ಲಿದ್ದ ಸಿಸ್ಟರ್

ಕನ್ನಡಕದಂಗಡಿಯವನ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಪರದೆಯಲ್ಲಿ 'ಸಿಸ್ಟರ್' ಎಂದಿತ್ತು. ಅವನು ತಟ್ಟನೆ ಅದನ್ನು ಬೋರಲು ಹಾಕಿದ.

ಎದುರಿಗೆ ಕೂತವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಪದೇ ಪದೇ ಸಡಿಲವಾಗುವ ಕನ್ನಡಕ ಸರಿಮಾಡಿಸಲು ಬಂದು ಪರಿಚಯವಾದವಳು, ಈಗ ಅವನನ್ನು ಮದುವೆಯಾಗಲಿರುವವಳು. ಒಂದಕ್ಷರದ ತಪ್ಪನ್ನೂ ಬಿಡದವಳು, ಇದನ್ನು ಬಿಟ್ಟಾಳೆಯೇ?

"ನಿಂಗೆ ಅಕ್ಕ-ತಂಗಿ ಯಾರೂ ಇಲ್ವಲ್ಲ?"

"ಯಾರೋ ಪರಿಚಯದವರು."

ಅವನ ಕಿವಿ ಕೆಂಪಾಗಿತ್ತು. ಆ ಕೆಂಪಿಗೇ ಅವಳು ಮನಸೋತಿದ್ದಳು. ಇವತ್ತು ಅದು ಕಳ್ಳನ ಕಿವಿಯಂತೆ ಕಂಡಿತು.

ಮದುವೆಯ ದಿನವನ್ನು ಅವನು ಎರಡು ಸಲ ಮುಂದೂಡಿದ್ದ. ಒಂದು ತಿಂಗಳಿಂದ ಗುರುವಾರ ಬಂತೆಂದರೆ ಅಂಗಡಿಗೆ ಬೀಗ. ಕೇಳಿದರೆ ಹಾರಿಕೆಯ ಉತ್ತರ.

"ಬೆಂಕಿ ಇಲ್ದೆ ಹೊಗೆಯಾಡುತ್ತಾ?" ಎಂದು ಅವಳ ಚಿಕ್ಕಮ್ಮ ಉರಿಗೆ ತುಪ್ಪ ಸುರಿದಳು.

ಮುಂದಿನ ಗುರುವಾರ ಅವಳು ರಜೆ ಹಾಕಿ ಅವನ ಹಿಂದೆಯೇ ನಡೆದಳು. ಅವನು ಆಸ್ಪತ್ರೆಯ ಮೂರನೇ ಮಹಡಿ ಹತ್ತಿದ. ನರ್ಸ್ ಒಬ್ಬಳು ನಗುತ್ತ ಕರೆದಳು: "ಬನ್ನಿ, ಫೋನ್ ಮಾಡಿದ್ರೂ ಎತ್ತಲ್ಲ ನೀವು. ರಿಪೋರ್ಟ್ ಬಂದಿದೆ."

ಇವಳೇ ಆ ಸಿಸ್ಟರ್! ಹಿಂಬಾಲಿಸಿ ಬಂದವಳಿಗೆ ಮೊದಲು ನಾಚಿಕೆಯಾಯಿತು. ಬಾಗಿಲ ಮೇಲೆ 'ಲಿವರ್ ವಿಭಾಗ' ಎಂದು ಓದಿದೊಡನೆ ಅಲ್ಲೇ ಗೋಡೆಗೊರಗಿ ನಿಂತಳು.

ಹೊರಬಂದವನು ಅವಳನ್ನು ಕಂಡು ಕಲ್ಲಾದ.

"ಎಷ್ಟು ದಿನದಿಂದ?"

"ಹುಟ್ಟಿದಾಗಿನಿಂದ. ಹೆಪಟೈಟಿಸ್ ಬಿ. ಅಮ್ಮನಿಂದ ಬಂತು. ಅಮ್ಮನಿಗೆ ಲಿವರ್ ಕ್ಯಾನ್ಸರ್ ತಂದಿದ್ದೂ ಅದೇ ವೈರಸ್. ಹೋದ ತಿಂಗಳು ನನ್ನ ಸ್ಕ್ಯಾನಲ್ಲೂ ಒಂದು ಚುಕ್ಕೆ ಕಂಡ್ರು." ಅವನು ಉಸಿರೆಳೆದುಕೊಂಡ. "ಅದು ಕ್ಯಾನ್ಸರ್ ಅಲ್ಲವಂತೆ, ಈಗ ಹೇಳಿದ್ರು. ಆದ್ರೆ ವೈರಸ್ ಹೋಗಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಜೀವನಪೂರ್ತಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಕೇಳಿದ ಮೇಲೆ ನೀನು ಇರ್ತೀಯೋ ಇಲ್ವೋ ಅಂತ..."

"ಅಂದ್ರೆ ನೀನೂ ನನ್ನ ಮೇಲೆ ಅನುಮಾನಪಟ್ಟೆ."

ಅವಳು ಕಣ್ಣೊರೆಸಿಕೊಂಡು ನೇರ ನರ್ಸ್ ಬಳಿ ಹೋದಳು.

"ಸಿಸ್ಟರ್, ಇವರನ್ನ ಮದುವೆಯಾಗೋರು ಏನು ಮಾಡ್ಬೇಕು?"

"ಮೊದ್ಲು ರಕ್ತ ಪರೀಕ್ಷೆ. ಆಮೇಲೆ ಲಸಿಕೆ. ಮೂರು ಡೋಸ್, ಆರು ತಿಂಗಳು. ಕೈ ಹಿಡಿಯೋಕೆ, ಜೊತೇಲಿ ಊಟ ಮಾಡೋಕೆ ಏನೂ ಭಯವಿಲ್ಲ."

ಅವಳು ಅವನತ್ತ ತಿರುಗಿದಳು. "ಈ ಸಲ ದಿನ ಮುಂದೂಡ್ತಿರೋಳು ನಾನು, ಲಸಿಕೆ ಮುಗಿಯೋವರೆಗೆ. ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಬಾಯಿಬಿಡು."

"ಒಂದಿದೆ," ಅವನು ತಲೆ ತಗ್ಗಿಸಿದ. "ನಿನ್ನ ಕನ್ನಡಕದ ಸ್ಕ್ರೂ. ನೀನು ಮತ್ತೆ ಬರ್ಲಿ ಅಂತ ಪ್ರತಿ ಸಲ ನಾನೇ ಸಡಿಲ ಮಾಡಿ ಕಳಿಸ್ತಿದ್ದೆ."

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. ಆದರೆ ನಗುವನ್ನು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಗಟ್ಟಿ ಮಾಡಿ ಕೊಡು. ಇನ್ಮೇಲೆ ಕರೆದ್ರೆ ಸಾಕು, ಬರ್ತೀನಿ."

ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು ಪರೀಕ್ಷೆಗೆ ರಕ್ತ ಕೊಡಲು ಒಳಗೆ ನಡೆದಳು.