ಕಡಲ ಪ್ರಾಣಿಯ ಗೊರಸು

"ಸಮುದ್ರದ ಪ್ರಾಣಿಗೆ ಗೊರಸಾ?" ಪದ್ಮಜಾ ಟೀಚರ್ ಶಿವಲೀಲಾಳ ಮಾಡೆಲನ್ನು ತಲೆಕೆಳಗು ಮಾಡಿ ಇಡೀ ಕ್ಲಾಸಿಗೆ ತೋರಿಸಿದರು. "ಕುರಿ ಕಾಯೋರ ಮನಿ ಹುಡುಗಿ ಅಲ್ಲಾ, ಎಲ್ಲಿ ನೋಡಿದ್ರೂ ಕುರಿನ ಕಾಣ್ತಾವ!"

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಂಕೇಶನಂತೂ "ಬ್ಯಾ" ಎಂದೇಬಿಟ್ಟ. ಶಿವಲೀಲಾಳ ಕಿವಿ ಬಿಸಿಯಾಯಿತು.

"ವಿಡಿಯೋದಾಗ ನೋಡೀನ್ರಿ ಟೀಚರ್. ಭಾಳ ಆಳದಾಗ ಇರೋ ಸೀ ಅರ್ಚಿನ್ ಇದು, ಮೈತುಂಬ ಮುಳ್ಳಿರೋ ದುಂಡನ ಪ್ರಾಣಿ. ಗಟ್ಟಿ ಚಿಪ್ಪಿಲ್ಲ, ಮೈಯೆಲ್ಲಾ ಮೆತ್ತಗ. ನೀರಿಂದ ಮ್ಯಾಲೆ ತಂದ್ರ ದೋಸಿ ಹಂಗ ಚಪ್ಪಟಿ ಆಗ್ತೈತಿ. ಕೆಳಗಿನ ಮುಳ್ಳಿನ ತುದಿಗೆ ಬಿಳಿ ಗೊರಸು ಇರ್ತಾವ್ರಿ. ಅದರ ಮ್ಯಾಲನ ನಡೀತೈತಿ."

"ಬುಕ್ಕಿನ್ಯಾಗ ಐತೇನು?"

"ಇಲ್ರಿ."

"ಹಂಗಾರ ಕಿತ್ತಾಕು. ಇಲ್ಲಂದ್ರ ನಾಳೆ ಆದೋನಿ ಸೈನ್ಸ್ ಎಗ್ಜಿಬಿಷನ್‌ಗೆ ಸುಂಕೇಶನ ಜ್ವಾಲಾಮುಖಿ ಮಾಡೆಲ್ ಹೋಗ್ತೈತಿ."

ಟೀಚರ್ ಕೆಟ್ಟವರೇನಲ್ಲ. ಬುಕ್ಕಿನಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಕಲಿಸುವವರು. ಸಮುದ್ರ ಮಾತ್ರ ಆ ಬುಕ್ಕನ್ನು ಓದಿರಲಿಲ್ಲ, ಅಷ್ಟೆ.

ಗೊರಸು ಮಾಡಿಕೊಟ್ಟವಳು ಅಜ್ಜಿ ಗಾದಿಲಿಂಗಮ್ಮ. ಕೆಂಪು ಕುಪ್ಪಸದ ಬಟ್ಟೆಗೆ ಉಣ್ಣೆ ತುಂಬಿ, ಪೊರಕೆ ಕಡ್ಡಿ ಚುಚ್ಚಿ, ತುದಿಗೆ ಮೇಣದ ಗೊರಸು ಕೂರಿಸಿದ್ದಳು. ಮೊದಲು ಎಲ್ಲವನ್ನೂ ಕುರಿಯ ಗೊರಸಿನಂತೆ ಎರಡಾಗಿ ಸೀಳಿಬಿಟ್ಟಿದ್ದಳು.

"ಸೀಳಿರಲ್ಲಜ್ಜಿ" ಎಂದು ಶಿವಲೀಲಾ ಹೇಳಿದರೆ ಕೇಳಲೊಲ್ಲಳು. "ಸೀಳಿಲ್ಲಂದ್ರ ಕೆಸರಿನಾಗ ಹೆಂಗ ನಡೀತೈತವ್ವ? ಹುಚ್ಚು ಪ್ರಾಣಿ!" ಎಂದು ಗೊಣಗುತ್ತಲೇ ಅಷ್ಟನ್ನೂ ಹೊಸದಾಗಿ ಮಾಡಿಕೊಟ್ಟಿದ್ದಳು.

ಆದರೆ ಆದೋನಿಯಲ್ಲಿ ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಶಿವಲೀಲಾಳಿಗೆ ಹೋಗಲೇಬೇಕಿತ್ತು. ಅವಳು ಗೊರಸುಗಳನ್ನು ಕಿತ್ತುಹಾಕಿದಳು. ಮನೆಯಲ್ಲಿ ಹೇಳಲಿಲ್ಲ.

ಮರುದಿನ ಆದೋನಿಯಲ್ಲಿ ಜಡ್ಜ್ ಚಂದ್ರಮೋಹನ್ ಸಾರ್ ಮಾಡೆಲ್ ಮುಂದೆ ಬಗ್ಗಿದರು. "ಚಾಲಾ ಬಾಗುಂದಿ!" ಎಂದು ತೆಲುಗಿನಲ್ಲಿ ಹೊಗಳಿದರು. "ಇದು ಹೆಂಗ ನಡೀತೈತಮ್ಮಾ?"

ಅವರ ಹಿಂದೆ ನಿಂತಿದ್ದ ಟೀಚರ್ ಶಿವಲೀಲಾಳತ್ತ ಕಣ್ಣು ಬಿಟ್ಟರು.

"ಉರುಳ್ತೈತಿ ಸಾರ್" ಎಂದಳು ಶಿವಲೀಲಾ. ಬಾಯಿಗೆ ಬಂದದ್ದು ಅದೇ.

"ವೆರಿ ಗುಡ್! ದುಂಡಗ ಐತಲ್ಲ, ಉರುಳಲೇಬೇಕು!"

ಫಸ್ಟ್ ಪ್ರೈಜ್ ಬಂತು. ಮೈಕಿನಲ್ಲಿ ಹೆಸರೂ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಪದ್ಮಜಾ ಟೀಚರ್.

ಮನೆಯಲ್ಲಿ ಅಜ್ಜಿ ಪ್ರೈಜಿನ ಟಿಫಿನ್ ಬಾಕ್ಸನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಗೊರಸು ನೋಡಿ ಏನಂದ್ರವ್ವ?"

ಶಿವಲೀಲಾ ನೆಲ ನೋಡಿದಳು. "ಕಿತ್ತಾಕಿದ್ನಿ ಅಜ್ಜಿ. ಟೀಚರ್ ಹೇಳಿದ್ರು. ಉರುಳ್ತೈತಿ ಅಂತ ಸುಳ್ಳ ಹೇಳಿದ್ನಿ."

ಅಜ್ಜಿ ಬಾಕ್ಸಿನ ಮುಚ್ಚಳ ಹಾಕಿದಳು. "ಹೋಗ್ಲಿ ಬಿಡು. ಪ್ರೈಜ್ ಬಂತಲ್ಲ" ಎಂದು ಬಾಕ್ಸು ಹಿಡಿದು ಪಕ್ಕದ ಮನೆಗೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಿವಲೀಲಾಳಿಗೆ.

ಗೋಡೆಯಾಚೆಯಿಂದ ಅಜ್ಜಿಯ ದನಿ ಕೇಳಿತು. "ನಮ್ಮ ಹುಡುಗಿ ಭಾಳ ಶಾಣ್ಯಾಕಿ ಪೀರಮ್ಮ. ಸಮುದ್ರದ ಪ್ರಾಣಿ ಮಾಡ್ಯಾಳ. ಕಾಲಿಲ್ಲಂತ ಅದಕ್ಕ, ಉರುಳ್ತೈತಂತ!"

ತನ್ನ ಸುಳ್ಳನ್ನು ಅಜ್ಜಿ ಹೊತ್ತುಕೊಂಡು ತಿರುಗುವುದನ್ನು ಶಿವಲೀಲಾಳಿಗೆ ಕೇಳಲಾಗಲಿಲ್ಲ. ಚಪ್ಪಲಿಯನ್ನೂ ಹಾಕದೆ ಓಡಿದಳು.

"ಉರುಳಲ್ಲ ಪೀರಮ್ಮತ್ತಿ! ಅದಕ್ಕ ಗೊರಸು ಐತಿ. ಅಜ್ಜಿ ಮಾಡಿದ್ಲು, ನಾನ ಕಿತ್ತೀನಿ."