ಅಣ್ಣನ ಡಿಸ್ಕ್ ತೆರೆದ ಮಧ್ಯಾಹ್ನ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಣ್ಣ ತೀರಿಕೊಂಡ ಮೇಲೆ ಅವನ ಕಂಪ್ಯೂಟರ್ ಕೆಟ್ಟು ಕೂತಿತು. ಅದರೊಳಗಿನ ಫೋಟೋಗಳು ಬೇಕೆಂದು ಅತ್ತಿಗೆ ಕೇಳಿದ್ದಕ್ಕೆ, ಡಿಸ್ಕನ್ನು ಇಡಿಯಾಗಿ ಅದರ ಪಡಿಯಚ್ಚಿನಂಥ ಒಂದು ಇಮೇಜ್ ಫೈಲಿಗೆ ಇಳಿಸಿ, ನನ್ನ ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿ ಬೂಟ್ ಮಾಡಿದೆ. ಹಾಡುಹಗಲು, ಅತ್ತಿಗೆ ಪಕ್ಕದಲ್ಲೇ ಇದ್ದರು.

ಅಣ್ಣನ ಡೆಸ್ಕ್‌ಟಾಪ್ ಮೂಡಿತು, ಫೋಟೋಗಳೂ ಸಿಕ್ಕವು. ಅಷ್ಟರಲ್ಲಿ ಕೀಬೋರ್ಡ್ ಕುಟ್ಟುವ ಸದ್ದು ಶುರುವಾಯಿತು. ನನ್ನ ಕೈ ಕೀಬೋರ್ಡಿನ ಮೇಲಿರಲಿಲ್ಲ. ಸ್ಪೀಕರ್ ಆಫ್ ಮಾಡಿದೆ, ನಿಲ್ಲಲಿಲ್ಲ.

"ಒಂದೇ ಬೆರಳಲ್ಲಿ ಕುಟ್ತಿದ್ದಾರೆ," ಅಂದರು ಅತ್ತಿಗೆ ಮೆಲ್ಲಗೆ. ಅಣ್ಣ ಟೈಪ್ ಮಾಡುತ್ತಿದ್ದುದೇ ಹಾಗೆ.

ಶಟ್‌ಡೌನ್ ಒತ್ತಿದೆ. 'ಇನ್ನೊಬ್ಬರು ಈ ಕಂಪ್ಯೂಟರ್ ಬಳಸುತ್ತಿದ್ದಾರೆ. ಈಗ ಬಂದ್ ಮಾಡಿದರೆ ಅವರ ಕೆಲಸ ಹಾಳಾಗಬಹುದು. ಆದರೂ ಬಂದ್ ಮಾಡಬೇಕೇ?' ಎಂಬ ಸಂದೇಶ ಬಂತು.

"ಸ್ವಲ್ಪ ತಾಳು, ಮುಗಿಸ್ಲಿ," ಎಂದು ಅತ್ತಿಗೆ ನನ್ನ ತೋಳು ಹಿಡಿದರು.

ನಾನು ಹೆದರಿ 'ಹೌದು' ಒತ್ತಿಬಿಟ್ಟೆ. ಸದ್ದು ಅರ್ಧಕ್ಕೇ ನಿಂತಿತು. ಅತ್ತಿಗೆ ಏನೂ ಅನ್ನಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಅವರೇ ಕೇಳಿ ಮತ್ತೆ ಬೂಟ್ ಮಾಡಿಸಿದರು, ಸಂಜೆಯವರೆಗೂ ಅದರ ಮುಂದೆ ಕೂತರು. ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಲು ಇದ್ದದ್ದು ಒಂದೇ ಖಾತೆ, ಅಣ್ಣನದು. ಹಿಂದಿನ ದಿನವೂ ಅದನ್ನು ತೆರೆದು ಕೂತಿದ್ದವಳು ನಾನೊಬ್ಬಳೇ. ಆ ಸದ್ದು ಮತ್ತೆ ಕೇಳಲಿಲ್ಲ, ಆ 'ಇನ್ನೊಬ್ಬರು' ಮತ್ತೆ ಬರಲೇ ಇಲ್ಲ.